ಸುಮ್ಮನಿರುವ ಸಾಲು

ಅಕ್ಕನ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಗಾಜಿನ ಪಾತ್ರೆ ತೊಳೆದು ತೊಳೆದು, ಆಸಿಡ್ಡು ಸೋಪುಗಳಲ್ಲಿ ನೆನೆದು ನೆನೆದು, ಬೆರಳ ತುದಿ ಹುಣಸೆ ಬೀಜದ ಹಾಗೆ ನುಣ್ಣಗಾಗಿತ್ತು. ಬಾಗಿಲ ಬಳಿ ಹಾಜರಿ ಯಂತ್ರ ಬಂದ ಮೇಲೆ ಬೆಳಿಗ್ಗೆ ಬೆಳಿಗ್ಗೆ ನಮಗೆಲ್ಲ ಒಂದು ತಮಾಷೆ ಶುರುವಾಯಿತು. ಅಕ್ಕ ಬೆರಳೊತ್ತುವುದು, ಯಂತ್ರ ಕೆಂಪು ದೀಪ ತೋರಿಸುವುದು, ಅಕ್ಕ ಸೆರಗಿಗೆ ಬೆರಳೊರೆಸಿ ಮತ್ತೆ ಒತ್ತುವುದು, ಮತ್ತೆ ಕೆಂಪು. ನಾಲ್ಕನೇ ಸಲಕ್ಕೆ ಅವಳಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಲೇ, ನೀನು ನಿನ್ನೆ ಮೊನ್ನೆ ಬಂದೋನು. ನಾನು ಯಾವಾಗಿಂದ ಇಲ್ಲಿ ಇದೀನಿ ಕೇಳು ಹೋಗು. ನನ್ನ ಗುರ್ತು ನೀನು ಹೇಳ್ಬೇಕೇನೋ?" ಎಂದು ಆ ಡಬ್ಬಿಯನ್ನು ಗದರಿ, ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಬರುತ್ತಿದ್ದಳು.

ಚಿತ್ರದುರ್ಗದಲ್ಲಿ ನಾನು ಸಂಶೋಧನೆಗೆ ಸೇರಿದ ಪುಟ್ಟ ಪ್ರಯೋಗಾಲಯದ ಅಟೆಂಡರ್ ಅವಳು. ಊರು ಮದಕರಿಪುರ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಂಗ್ಲಿಷ್ ಓದಲು ಬಾರದು, ಆದರೆ ಕಪಾಟಿನ ನೂರಾರು ಸೀಸೆಗಳಲ್ಲಿ ಯಾವುದನ್ನು ಕೇಳಿದರೂ ತೆಗೆದುಕೊಡುತ್ತಿದ್ದಳು. ನಾನು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಿಂದ ಎಂ.ಎಸ್ಸಿ. ಚಿನ್ನದ ಪದಕವನ್ನೂ ಅದಕ್ಕಿಂತ ಭಾರವಾದ ಜಂಬವನ್ನೂ ಹೊತ್ತು ಬಂದವಳು. ಮೊದಲ ತಿಂಗಳು ಅವಳನ್ನು "ಬನ್ರಿ ಅಕ್ಕ, ಕೊಡ್ರಿ ಅಕ್ಕ" ಎನ್ನುತ್ತಿದ್ದೆ. ಒಂದು ದಿನ ನಿಲ್ಲಿಸಿ ಕೇಳಿದಳು: "ಅಕ್ಕಾನೂ ಅಂತೀಯ, ರೀ ಅಂತಾನೂ ಅಂತೀಯ. ಯಾವ್ದಾರ ಒಂದು ಇಟ್ಕಳವ್ವ." ನಾನು ಅಕ್ಕ ಎಂಬುದನ್ನು ಇಟ್ಟುಕೊಂಡೆ.

ಅವಳ ಕೆಲಸಕ್ಕೆ ಅವಳದೇ ಕಟ್ಟಳೆಗಳಿದ್ದವು. ಬಂದ ಕೂಡಲೇ ಹಳೆಯ ಡೀಪ್ ಫ್ರೀಜರಿನ ಮಗ್ಗುಲಿಗೆ ಕಿವಿಯಿಟ್ಟು ಕೇಳುವಳು. ಮೋಟಾರಿನ ಸದ್ದು ಸರಿಯಾಗಿದ್ದರೆ "ಉಸಿರಾಡ್ತೈತೆ" ಎಂದು ಬೆನ್ನು ತಟ್ಟುವಳು. ಗಾಜಿನ ಪಾತ್ರೆಗೆ ಮೂರು ಸಲ ನಲ್ಲಿ ನೀರು, ಕೊನೆಗೊಂದು ಸಲ ಬಟ್ಟಿ ಇಳಿಸಿದ ನೀರು. ನಾನೊಮ್ಮೆ ಅವಸರಕ್ಕೆ ಎರಡೇ ಸಲ ತೊಳೆದು ಇಟ್ಟಾಗ ಕೈಯಿಂದ ಕಿತ್ತುಕೊಂಡು, "ಕಣ್ಣಿಗೆ ಕಾಣೋ ಕೊಳೆಗೆ ಯಾರೂ ಹೆದರಲ್ಲ ಬಿಡು. ಕಾಣ್ದೇ ಇರೋದು ಐತಲ್ಲ, ಅದೇ ಮನೆ ಹಾಳು ಮಾಡೋದು" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಚಿನ್ನದ ಪದಕದವಳಿಗೆ ಪಾತ್ರೆ ತೊಳೆಯುವ ಪಾಠವೇ ಎಂದು ಎರಡು ದಿನ ಮಾತು ಬಿಟ್ಟಿದ್ದೆ. ಅವಳಿಗೆ ನಾನು ಮಾತು ಬಿಟ್ಟದ್ದು ಗೊತ್ತೇ ಆಗಲಿಲ್ಲವಂತೆ.

ನನ್ನ ಸಂಶೋಧನೆ ಸೀತಾಫಲದ ಎಲೆಯ ಮೇಲೆ. ಚಿತ್ರದುರ್ಗದ ಸುತ್ತಲಿನ ಗುಡ್ಡಗಳಲ್ಲಿ ಅದಕ್ಕೇನು ಬರ? ಚಂದ್ರವಳ್ಳಿಯ ಆಚೆ ಹೋದರೆ ಚೀಲ ತುಂಬ ತರಬಹುದು. ನಮ್ಮ ಕಡೆ ಗಾಯಕ್ಕೆ, ಬಾವು ಬಂದದ್ದಕ್ಕೆ ಆ ಎಲೆ ಅರೆದು ಕಟ್ಟುತ್ತಾರೆ. ಬಾವು ಏಳುವುದು ಹೇಗೆ? ನಮ್ಮ ಮೈಯ ಕಾವಲು ಜೀವಕೋಶಗಳ ಹೊರಮೈಯಲ್ಲಿ ಗ್ರಾಹಕ ಎಂಬ ಪ್ರೋಟೀನುಗಳಿರುತ್ತವೆ. ರೋಗಾಣುವಿನ ಚೂರು ಬಂದು ಅದಕ್ಕೆ ಅಂಟಿದರೆ ಒಳಗೆ ಸುದ್ದಿ ಹೋಗುತ್ತದೆ, ಮೈ ಕಾವೇರುತ್ತದೆ, ಬಾವು ಬರುತ್ತದೆ. ಎಲೆಯ ರಸ ಆ ಅಂಟುವಿಕೆಯನ್ನು ತಡೆಯುತ್ತದೆಯೇ ಎಂಬುದು ನನ್ನ ಪ್ರಶ್ನೆ. ಅದನ್ನು ನೋಡಲು ಮನುಷ್ಯರ ಆ ಗ್ರಾಹಕವೇ ಬೇಕು. ಆರು ತಿಂಗಳು ಕಾಗದ ಪತ್ರ ಓಡಾಡಿ ಒಂದೇ ಒಂದು ಸೀಸೆಗೆ ಮಂಜೂರಾತಿ ಸಿಕ್ಕಿತು. ಇನ್ನೊಂದು ಕೇಳುವ ಹಾಗಿಲ್ಲ ಎಂದು ಗೈಡ್ ಸರ್ ಮೊದಲೇ ಹೇಳಿಬಿಟ್ಟಿದ್ದರು.

ಥರ್ಮೋಕೋಲ್ ಪೆಟ್ಟಿಗೆ ಬಂದ ದಿನ ಅಕ್ಕನೂ ನಾನೂ ಅದನ್ನು ಬಿಚ್ಚಿದೆವು. ಒಳಗೆ ಕಿರುಬೆರಳಿನ ಅರ್ಧದಷ್ಟು ಸೀಸೆ. ಬೆಳಕಿಗೆ ಹಿಡಿದು ನೋಡಿದೆ. ಏನೂ ಇಲ್ಲ!

"ಅಕ್ಕ, ಖಾಲಿ ಕಳ್ಸಿದಾರೆ!"

"ಖಾಲಿ ಅಲ್ಲ ಕಣೆ. ಇಂಥವು ಹಿಂಗೇ ಬರ್ತವೆ. ಒಣಗಿಸಿರ್ತಾರೆ, ಮುಚ್ಚಳಕ್ಕೋ ಗೋಡೆಗೋ ಅಂಟ್ಕಂಡು ಕಾಣಲ್ಲ. ಮುಚ್ಚಳ ತೆಗೀಬ್ಯಾಡ, ಹಾರೋಯ್ತೈತೆ. ಮೊದ್ಲು ಮಿಷನ್ನಿಗೆ ಹಾಕಿ ಗಿರ್ ಅನ್ಸು."

ಯಂತ್ರದಲ್ಲಿ ತಿರುಗಿಸಿದ ಮೇಲೆ ತಳದಲ್ಲಿ ಉಗುರಿನಿಂದ ಗೀರಿದಷ್ಟು ಬಿಳುಪು ಕಂಡಿತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಕ್ಕ ಮಾತ್ರ ಅದನ್ನೇ ದಿಟ್ಟಿಸುತ್ತಿದ್ದಳು.

"ಮನುಷ್ರದು ಅಂದೆಯಲ್ಲ. ಯಾರ್ದು ಇದು?"

"ಯಾರದೂ ಅಲ್ಲ ಅಕ್ಕ."

"ಯಾರ್ದೂ ಅಲ್ದೇ ಮನುಷ್ರದು ಹೆಂಗಾಗ್ತೈತೆ?"

ಮನುಷ್ಯರ ಜೀನ್ ಒಂದನ್ನು ತೆಗೆದು ಪ್ರಯೋಗಾಲಯದಲ್ಲಿ ಬೆಳೆಸುವ ಜೀವಕೋಶಕ್ಕೆ ಸೇರಿಸುತ್ತಾರೆ, ಆ ಕೋಶ ಈ ಪ್ರೋಟೀನನ್ನು ಮಾಡಿಕೊಡುತ್ತದೆ, ಯಾರ ಮೈಯಿಂದಲೂ ಕಿತ್ತು ತಂದದ್ದಲ್ಲ ಎಂದು ವಿವರಿಸಿದೆ. ಅಕ್ಕ, "ಕಸಿ ಕಟ್ಟಿದಂಗೆ ಅನ್ನು" ಎಂದಳು. ಪರೀಕ್ಷೆಯಲ್ಲಿ ನಾನು ನಾಲ್ಕು ಪುಟ ಬರೆದದ್ದು ಅಷ್ಟೇ.

ನೀರು ಬೆರೆಸಿ ಕರಗಿಸುವಾಗಲೂ ಪಕ್ಕದಲ್ಲೇ ನಿಂತು, "ಮಜ್ಜಿಗೆ ಕಡ್ದಂಗೆ ಕಡೀಬ್ಯಾಡ, ನೊರೆ ಬಂದ್ರೆ ಕೆಡ್ತೈತೆ" ಎನ್ನುತ್ತಿದ್ದಳು. ಒಮ್ಮೆ ಕರಗಿಸಿದ್ದನ್ನು ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದರೆ ಪ್ರೋಟೀನು ಹಾಳು. ಅದಕ್ಕೇ ಹತ್ತು ಚಿಕ್ಕ ಕೊಳವೆಗಳಿಗೆ ಪಾಲು ಹಾಕಿದೆವು. ನಾನು ಹತ್ತನ್ನೂ ನಮ್ಮ ಫ್ರೀಜರಿಗೆ ಇಡಲು ಹೊರಟರೆ ಅಕ್ಕ ಎರಡನ್ನು ತೆಗೆದು ಕೈಯಲ್ಲಿ ಹಿಡಿದಳು. ಇವು ಎದುರು ಕಟ್ಟಡದ ಫ್ರೀಜರಿಗೆ ಎಂದಳು.

"ಯಾಕಕ್ಕ? ನಮ್ಮದು ಚೆನ್ನಾಗೇ ಐತಲ್ಲ."

"ನಮ್ಮೂರಾಗೆ ಬಿತ್ತನೆ ನವಣೆ ಒಂದು ಗಡಿಗೆ ನಮ್ಮನೇಲಿಟ್ರೆ ಇನ್ನೊಂದು ಪಕ್ಕದ ಮನೇಲಿಡ್ತೀವಿ. ಅವ್ರುದು ಒಂದು ನಮ್ಮನೇಲಿ."

"ಕಳ್ಳರ ಭಯಕ್ಕಾ?"

"ಕಳ್ಳರು ನವಣೆ ಕದೀತಾರೇನೆ? ನಮ್ ಕೈಗೇ ಹೆದ್ರಿ ಇಡೋದು. ಮಳೆ ತಡ ಆದ್ರೆ, ನೆಂಟ್ರು ಬಂದ್ರೆ, ಇವತ್ತೊಂದು ಹಿಡಿ ನಾಳೆ ಒಂದು ಹಿಡಿ ಅಂತ ನಾವೇ ತೆಗ್ದು ಬೇಯಿಸ್ಬಿಡ್ತೀವಿ. ಇನ್ನೊಬ್ರ ಮನ್ಯಾಗಿದ್ರೆ ಕೈ ಹೋಗಲ್ಲ."

ನಾನು ನಕ್ಕೆ. ಆಗಲಿ, ಅಜ್ಜಿ ಕಾಲದ ನಂಬಿಕೆ, ನನಗೇನು ನಷ್ಟ ಎಂದು ಎರಡನ್ನು ಎದುರು ಕಟ್ಟಡಕ್ಕೆ ಕೊಟ್ಟು ಬಂದೆ.

ಪ್ರಯೋಗ ನಡೆಯುವುದು ಪ್ಲಾಸ್ಟಿಕ್ಕಿನ ಒಂದು ತಟ್ಟೆಯಲ್ಲಿ. ಅದರ ತುಂಬ ಸಾಲುಸಾಲು ಚಿಕ್ಕ ಗುಳಿಗಳು. ಅಕ್ಕ ಅದನ್ನು ಅಳಿಗುಳಿ ಮಣೆ ಎಂದೇ ಕರೆಯುತ್ತಿದ್ದಳು. ಗುಳಿಯ ತಳಕ್ಕೆ ಗ್ರಾಹಕ ಹಚ್ಚುತ್ತೇವೆ. ಮೇಲೆ ರೋಗಾಣುವಿನ ಚೂರು ಹಾಕುತ್ತೇವೆ. ಅಂಟಿದರೆ ಕೊನೆಗೆ ಹಳದಿ ಬಣ್ಣ ಬರುತ್ತದೆ, ಅಂಟದಿದ್ದರೆ ನೀರಿನ ಹಾಗೆ ತಿಳಿಯಾಗಿಯೇ ಇರುತ್ತದೆ. ಎಲೆಯ ರಸ ಹಾಕಿದ ಗುಳಿಯಲ್ಲಿ ಹಳದಿ ಕಡಿಮೆಯಾದರೆ ನಾನು ಗೆದ್ದೆ. ಆದರೆ ಪ್ರತಿ ತಟ್ಟೆಯಲ್ಲೂ ಎಲೆಯ ರಸ ಹಾಕದ ಒಂದು ಸಾಲು ಇರಲೇಬೇಕು. ಆ ಸಾಲಿನಲ್ಲಿ ಹಳದಿ ಬಂದರೆ ಮಾತ್ರ ಉಳಿದದ್ದನ್ನು ನಂಬಬಹುದು. ಅಕ್ಕ ಅದಕ್ಕೆ ಇಟ್ಟ ಹೆಸರು ಸುಮ್ನಿರೋ ಸಾಲು. ವರ್ಷಗಟ್ಟಲೆ ತಟ್ಟೆ ತೊಳೆದವಳಿಗೆ ಯಾವ ತಟ್ಟೆಯಲ್ಲಿ ಯಾವ ಬಣ್ಣ ಎಲ್ಲಿರುತ್ತದೆ ಎಂಬುದು ಬಾಯಿಪಾಠವಾಗಿತ್ತು.

ಮೊದಲ ತಿಂಗಳುಗಳಲ್ಲಿ ಸೀತಾಫಲ ನನಗೆ ಏನನ್ನೂ ಕೊಡಲಿಲ್ಲ. ಎಲ್ಲ ಗುಳಿಗಳೂ ಹಳದಿ. ಇತ್ತ ಶಿಷ್ಯವೇತನ ಇನ್ನೊಂದೇ ವರ್ಷ. ಈ ಫಲಿತಾಂಶ ಸಿಗದಿದ್ದರೆ ಪ್ರಬಂಧವಿಲ್ಲ. ಊರಿಗೆ ಹೋದಾಗಲೆಲ್ಲ ಅವ್ವ, "ನಿನ್ನ ಎಲೆ ಓದು ಯಾವಾಗ ಮುಗೀತೈತೆ?" ಎಂದು ಕೇಳುವಳು. ನನಗೂ ಅದೇ ಪ್ರಶ್ನೆ.

ಆಗ ಬಂತು ಆಯುಧಪೂಜೆ. ನಮ್ಮಲ್ಲಿ ಪ್ರಯೋಗಾಲಯದ ಯಂತ್ರಗಳಿಗೆಲ್ಲ ಪೂಜೆ. ಅಕ್ಕ ನಾಲ್ಕು ದಿನ ರಜೆ ಹಾಕಿ ಊರಿಗೆ ಹೊರಟವಳು ಬಾಗಿಲಲ್ಲಿ ತಿರುಗಿ ನಿಂತು, "ಫ್ರೀಜರ್ ಮುಟ್ಬ್ಯಾಡ. ಹೊರಗಿಂದ ಒರ್ಸಿ ಕುಂಕುಮ ಇಡು, ಸಾಕು" ಎಂದಿದ್ದಳು. ನಾನೋ, ಕೈ ಕಟ್ಟಿ ಕೂರುವವಳಲ್ಲ. ಬಾಗಿಲು ತೆಗೆದು ನೋಡಿದರೆ ಒಳಗೆ ಗೇಣುದ್ದ ಹಿಮ. ಹಬ್ಬದ ದಿನ ಇಷ್ಟು ಕೊಳಕೇ? ಪ್ಲಗ್ ಕಿತ್ತೆ. ಒಳಗಿದ್ದ ಡಬ್ಬಿಗಳನ್ನು ಐಸ್ ತುಂಬಿದ ಪೆಟ್ಟಿಗೆಗಳಿಗೆ ಹಾಕಿದೆ. ನನ್ನ ಗ್ರಾಹಕದ ಕೊಳವೆಗಳ ಸ್ಟ್ಯಾಂಡಿಗೆ ಜಾಗ ಸಾಲಲಿಲ್ಲ. ಹತ್ತು ನಿಮಿಷ ತಾನೇ ಎಂದು ಮೇಜಿನ ಮೇಲಿಟ್ಟೆ. ಅಷ್ಟರಲ್ಲಿ ಚೆಂಡು ಹೂವಿನ ಬುಟ್ಟಿ ಬಂತು, ಬೂದುಗುಂಬಳ ಬಂತು, ಮಂಡಕ್ಕಿ ಮೆಣಸಿನಕಾಯಿ ಬಂತು. ಕಚೇರಿಯ ಗುಮಾಸ್ತರು ಮಂತ್ರ ಹೇಳುತ್ತ ಮೇಜಿನ ಮೇಲೆ ಕಂಡದ್ದಕ್ಕೆಲ್ಲ ಕುಂಕುಮ ಇಡುತ್ತ ಹೋದರು. ಸೂಕ್ಷ್ಮದರ್ಶಕಕ್ಕೊಂದು, ತಕ್ಕಡಿಗೊಂದು, ನನ್ನ ಕೊಳವೆಗಳ ಮುಚ್ಚಳಕ್ಕೂ ಒಂದೊಂದು! ನಾನು ಅದನ್ನು ನೋಡಿದ್ದು ಮಧ್ಯಾಹ್ನ ಮೂರು ಗಂಟೆಗೆ, ಹೂವು ಗುಡಿಸುವಾಗ. ಕೊಳವೆಗಳು ಮುಟ್ಟಿದರೆ ಬೆಚ್ಚಗಿದ್ದವು.

ಯಾರಿಗೂ ಹೇಳಲಿಲ್ಲ. ಕುಂಕುಮ ಒರೆಸಿ ಎಲ್ಲವನ್ನೂ ಫ್ರೀಜರಿಗೆ ಸೇರಿಸಿದೆ. ಏನೂ ಆಗಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅನುಮಾನ ತಡೆಯದೆ ಹಬ್ಬ ಕಳೆದ ಕೂಡಲೇ ಒಂದು ತಟ್ಟೆ ಹಾಕಿದೆ. ಪ್ರೋಟೀನು ಉಳಿಸೋಣವೆಂದು ಸುಮ್ಮನಿರುವ ಸಾಲನ್ನು ಬಿಟ್ಟೆ. ಹೋದ ತಿಂಗಳ ಅಂಕಿಗಳೇ ಇವೆಯಲ್ಲ, ಅವುಗಳ ಜೊತೆ ಹೋಲಿಸಿದರಾಯಿತು ಎಂಬ ಜಾಣತನ. ಸಂಜೆ ತಟ್ಟೆ ನೋಡುತ್ತೇನೆ, ಎಲ್ಲ ಗುಳಿಗಳೂ ತಿಳಿ! ಹಳದಿಯ ಸುಳಿವಿಲ್ಲ. ಎಲೆಯ ರಸ ತಡೆದುಬಿಟ್ಟಿತ್ತು!

ಕುಣಿದಾಡಿಬಿಟ್ಟೆ. ಬೆಚ್ಚಗಿದ್ದ ಕೊಳವೆಗಳ ನೆನಪು ಒಂದು ಕ್ಷಣ ಬಂತು, ಅದನ್ನು ಅಲ್ಲೇ ಅದುಮಿದೆ. ಗೈಡ್ ಸರ್ ತಟ್ಟೆಯನ್ನು ಕಿಟಕಿಗೆ ಹಿಡಿದು ನೋಡಿ, "ಭೇಷ್ ಕಣಮ್ಮ" ಎಂದರು. ಮರುದಿನವೇ ದೊಡ್ಡ ಸೆಮಿನಾರೊಂದಕ್ಕೆ ನನ್ನ ಹೆಸರು ಬರೆದು ಕಳಿಸಿದರು. ನಾನು ಊರಿಗೆ ಫೋನ್ ಮಾಡಿ ಅವ್ವನಿಗೂ ಹೇಳಿಯಾಯಿತು.

ಅಕ್ಕ ರಜೆ ಮುಗಿಸಿ ಬಂದು, ನಾನು ತೊಟ್ಟಿಯ ಪಕ್ಕ ಇಟ್ಟಿದ್ದ ಆ ತಟ್ಟೆಯನ್ನು ಎತ್ತಿಕೊಂಡಳು. ನೀರು ಬಿಡಲಿಲ್ಲ. ಸಾಲುಗಳ ಮೇಲೆ ಕಣ್ಣಾಡಿಸಿದಳು.

"ಸುಮ್ನಿರೋ ಸಾಲು ಎಲ್ಲಿ?"

"ಈ ಸಲ ಹಾಕಿಲ್ಲ ಅಕ್ಕ."

ಅವಳು ತಟ್ಟೆ ಕೆಳಗಿಟ್ಟಳು. ಫ್ರೀಜರಿಗೆ ಕಿವಿಯಿಟ್ಟಳು. ಬಾಗಿಲು ತೆರೆದು, ಹಿಮವಿಲ್ಲದ ಗೋಡೆ ನೋಡಿ, ನನ್ನ ಸ್ಟ್ಯಾಂಡನ್ನು ಹೊರತೆಗೆದಳು. ಒಂದು ಮುಚ್ಚಳದ ಸಂದಿಯನ್ನು ಆ ನುಣ್ಣನೆ ಹೆಬ್ಬೆರಳಿನಿಂದ ಉಜ್ಜಿ ನನ್ನ ಕಡೆ ತೋರಿಸಿದಳು. ಕೆಂಪಗಿತ್ತು.

"ಫ್ರೀಜರೊಳಗೆ ಕುಂಕುಮ ಹೆಂಗೆ ಬಂತವ್ವ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಏನು ಮುಟ್ಟಿಕೊಳ್ಳಲಿ? ಕಣ್ಣಲ್ಲಿ ನೀರು ಬಂದುಬಿಟ್ಟಿತು. ಎಲ್ಲ ಹೇಳಿದೆ. ಹೇಳಿ ಅವಳ ಕೈ ಹಿಡಿದುಕೊಂಡೆ. "ಅಕ್ಕ, ಯಾರಿಗೂ ಹೇಳಬೇಡ. ಸೆಮಿನಾರಿಗೆ ಹೆಸರು ಹೋಗಿದೆ. ಇದೊಂದು ಹೋದರೆ ನನಗೆ ಬೇರೇನೂ ಇಲ್ಲ."

"ನಾನ್ಯಾಕೆ ಹೇಳ್ಲಿ? ಚಾಡಿ ಹೇಳೋ ವಯಸ್ಸೇನು ನಂದು? ಮೊದ್ಲು ನೋಡಾಣ. ನಿನ್ನ ಎಲೆ ನಿಜವಾಗ್ಲೂ ಕೆಲ್ಸ ಮಾಡಿರ್ಬೋದು. ಮಾಡಿದ್ರೆ ಮಂಡಕ್ಕಿ ಮೆಣಸಿನಕಾಯಿ ಖರ್ಚು ನಂದು." ಹೀಗೆಂದು ಚಪ್ಪಲಿ ಮೆಟ್ಟಿ ಎದುರು ಕಟ್ಟಡಕ್ಕೆ ಹೋಗಿ, ಅಲ್ಲಿಟ್ಟಿದ್ದ ಎರಡು ಕೊಳವೆಗಳಲ್ಲಿ ಒಂದನ್ನು ಐಸಿನಲ್ಲಿ ಹುಗಿದು ತಂದಳು.

ಒಂದೇ ತಟ್ಟೆಯಲ್ಲಿ ಎರಡನ್ನೂ ಹಾಕಿದೆ. ಎಡಗಡೆ ಕುಂಕುಮದ ಕೊಳವೆಯ ಗ್ರಾಹಕ, ಬಲಗಡೆ ಎದುರು ಕಟ್ಟಡದಿಂದ ತಂದದ್ದು. ಎರಡರಲ್ಲೂ ಎಲೆಯ ರಸ ಹಾಕಿದ್ದೊಂದು ಸಾಲು, ಸುಮ್ಮನಿರುವುದೊಂದು ಸಾಲು. ಮರುದಿನ ಮಧ್ಯಾಹ್ನ ಬಣ್ಣದ ದ್ರಾವಣ ಹಾಕಿ ಇಬ್ಬರೂ ಸ್ಟೂಲೆಳೆದು ಕುಳಿತೆವು. ಅಕ್ಕ ತಟ್ಟೆಯ ಮೇಲೆ ಬಗ್ಗಿದ್ದಳು. ಬಲಗಡೆ ಬಣ್ಣ ಏರತೊಡಗಿತು. ರಸವಿಲ್ಲದ ಸಾಲೂ ಹಳದಿ, ರಸ ಹಾಕಿದ ಸಾಲೂ ಅಷ್ಟೇ ಹಳದಿ. ಎಡಗಡೆ ಎರಡು ಸಾಲೂ ತಿಳಿ. ಎಲೆ ಏನನ್ನೂ ತಡೆದಿರಲಿಲ್ಲ. ಪೂಜೆಯ ದಿನ ಗ್ರಾಹಕವೇ ಸತ್ತಿತ್ತು, ನಾನು ಅದನ್ನು ಔಷಧ ಎಂದು ಕುಣಿದಿದ್ದೆ.

ತಲೆ ಮೇಲೆ ಕೈ ಹೊತ್ತು ಕುಳಿತೆ. ಈ ತಟ್ಟೆಯನ್ನು ತೊಟ್ಟಿಗೆ ಚೆಲ್ಲಿದರೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ಅಕ್ಕನಿಗೂ ಅದು ಹೊಳೆದಿರಬೇಕು. ನನ್ನ ಪ್ರಯೋಗದ ದಾಖಲೆ ಪುಸ್ತಕ ತಂದು ಮುಂದಿಟ್ಟು, ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು.

"ಬರ್ದ್ಬಿಡು. ಬರ್ದ್ರೆ ಇವತ್ತಿಗೆ ಮುಗೀತು. ಬರೀದಿದ್ರೆ ದಿನಾ ಐತೆ."

"ಎಲ್ಲಾ ಬರೀಬೇಕಾ?"

"ಕುಂಕುಮಾನೂ ಬರಿ."

ಬರೆದೆ. ಫ್ರೀಜರ್ ನಿಲ್ಲಿಸಿದ್ದು, ಕೊಳವೆಗಳು ಮೇಜಿನ ಮೇಲೆ ಉಳಿದದ್ದು, ಸಾಲು ಬಿಟ್ಟದ್ದು, ಕುಂಕುಮ, ಎಲ್ಲ. ಆ ಪುಸ್ತಕ ಹಿಡಿದು ಗೈಡ್ ಸರ್ ಕೋಣೆಗೆ ಹೋದೆ. ಅಕ್ಕ ಬಾಗಿಲಾಚೆ ನಿಂತಿದ್ದಳು. ಸರ್ ಎರಡು ಸಲ ಓದಿದರು. ಫೋನ್ ತೆಗೆದು ಸೆಮಿನಾರಿನವರಿಗೆ, "ನಮ್ಮ ಹುಡುಗಿ ಹೆಸರು ತೆಗೀರಿ, ಕೆಲಸ ಇನ್ನೂ ಆಗಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ಫ್ರೀಜರಿನ ಬಗ್ಗೆ ಒಂದು ಮಾತಿಲ್ಲ. "ಸಾಲು ಬಿಟ್ಟೆಯಲ್ಲಮ್ಮ, ಅದು ಹೆಂಗೆ ಮನಸ್ಸು ಬಂತು ನಿನಗೆ?" ಎಂದಷ್ಟೇ ಕೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೊರಗೆ ಬಂದರೆ ಅಕ್ಕನ ಕೈಯಲ್ಲಿ ಕಾಗದದ ಪೊಟ್ಟಣ. ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ.

"ಎಲೆ ಕೆಲಸ ಮಾಡಲಿಲ್ಲವಲ್ಲ ಅಕ್ಕ."

"ಎಲೆ ಮಾಡ್ಲಿಲ್ಲ. ನೀನು ಮಾಡಿದ್ಯಲ್ಲ, ತಿನ್ನು."

ಮೆಟ್ಟಿಲ ಮೇಲೆ ಕೂತು ಅಳುತ್ತ ತಿಂದೆ. ಖಾರಕ್ಕೆ ಅಳುತ್ತಿದ್ದೇನೆ ಎಂದು ಹೋಗುವವರಿಗೆಲ್ಲ ಅಕ್ಕನೇ ಹೇಳುತ್ತಿದ್ದಳು.

ಉಳಿದ ಒಂದೂವರೆ ಕೊಳವೆಯಲ್ಲಿ ಅಳೆದು ಸುರಿದು ಕೆಲಸ ಮಾಡಿ, ಸೀತಾಫಲದ ಎಲೆ ಈ ಗ್ರಾಹಕವನ್ನು ತಡೆಯುವುದಿಲ್ಲ, ಬಾವು ಇಳಿಸುವುದಾದರೆ ಬೇರೆ ದಾರಿಯಿಂದ ಇಳಿಸುತ್ತಿರಬೇಕು ಎಂದು ತೋರಿಸಿದೆ. ಪ್ರಬಂಧ ಎರಡು ವರ್ಷ ತಡವಾಯಿತು. ಶಿಷ್ಯವೇತನ ನಿಂತ ಮೇಲೆ ಟ್ಯೂಷನ್ ಹೇಳಿಕೊಂಡು ಮುಗಿಸಿದೆ. ರಟ್ಟು ಹಾಕಿದ ಪ್ರತಿ ಬಂದ ದಿನ ಅಕ್ಕನಿಗೆ ಕೃತಜ್ಞತೆಯ ಪುಟ ತೆರೆದು ಅವಳ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದೆ. "ಇರ್ಲಿ ಬಿಡು" ಎಂದಳು. "ನೀನು ತಪ್ಪು ಬರ್ದಿದ್ದು ಇದ್ರಾಗೆ ಎಲ್ಲೈತೆ?" ಆ ಪುಟ ಹುಡುಕಿ ಕೊಟ್ಟೆ. ಓದಲು ಬಾರದ ಆ ಸಾಲುಗಳ ಮೇಲೆ ಹೆಬ್ಬೆರಳನ್ನು ಒಂದು ಸಲ ಆಡಿಸಿ, ಪುಸ್ತಕ ಮುಚ್ಚಿ, ಎರಡೂ ಕೈಯಿಂದ ವಾಪಸು ಕೊಟ್ಟಳು.

ಈಗ ನಾನು ಹಿರಿಯೂರಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಅಕ್ಕ ನಿವೃತ್ತಳಾಗಿ ಮೂರು ವರ್ಷಕ್ಕೆ, ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಮಲಗಿದವಳು ಏಳಲಿಲ್ಲವಂತೆ. ಸುದ್ದಿ ನನಗೆ ತಡವಾಗಿ ಸಿಕ್ಕಿತು. ಮುಖ ನೋಡಲಾಗಲಿಲ್ಲ, ಆ ಸಂಕಟ ಇನ್ನೂ ಹೋಗಿಲ್ಲ. ತಿಥಿಯ ದಿನ ಮದಕರಿಪುರಕ್ಕೆ ಹೋದೆ. ಊಟ ಮುಗಿದು ನೆಂಟರು ಎಲೆಯಡಿಕೆಗೆ ಕೂತಿದ್ದಾಗ ಪಕ್ಕದ ಮನೆಯ ಮುದುಕಿ ಒಂದು ಗಡಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದು ಪಡಸಾಲೆಯಲ್ಲಿ ಇಳಿಸಿದಳು. ಅಕ್ಕನ ಮಗಳಿಗೆ ಹೇಳಿದಳು: "ನಿಮ್ಮವ್ವ ನಮ್ಮನೇಲಿ ಇಟ್ಟಿದ್ದು ಕಣವ್ವ. ಒಂದು ಕಾಳೂ ಮುಟ್ಟಿಲ್ಲ, ನೋಡ್ಕ."

ಮಗಳು ಗಡಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಬೇವಿನ ಸೊಪ್ಪಿನ ಕೆಳಗೆ ನವಣೆ. ಅವಳು ಒಳಗೆ ಹೋಗಿ, ಮುದುಕಿ ಇವರ ಮನೆಯಲ್ಲಿಟ್ಟಿದ್ದ ಗಡಿಗೆಯನ್ನು ಎತ್ತಿ ತಂದು ಪಕ್ಕದಲ್ಲಿಟ್ಟಳು. ಮುದುಕಿ ಎರಡು ಗಡಿಗೆಗಳನ್ನೂ ಒಮ್ಮೆ ಮುಟ್ಟಿ ನೋಡಿದಳು. ಆಮೇಲೆ, "ಇನ್ ಮ್ಯಾಲೂ ಹಿಂಗೇ ಇಡಾಣ ಬಿಡು" ಎಂದಳು. ತಂದ ಗಡಿಗೆಯನ್ನೇ ಮತ್ತೆ ಕಂಕುಳಿಗೇರಿಸಿ ಹೊರಟಳು. ಅಲ್ಲಿಯವರೆಗೆ ತಡೆದುಕೊಂಡಿದ್ದವಳು ನಾನು ಆಗ ಅತ್ತುಬಿಟ್ಟೆ.

ಸೋಮವಾರ ಲ್ಯಾಬಿನಲ್ಲಿ ಹೊಸದಾಗಿ ಸೇರಿದ ವಿದ್ಯಾರ್ಥಿನಿಯೊಬ್ಬಳು ತಟ್ಟೆ ಹಾಕುತ್ತಿದ್ದಳು. ಪ್ರೋಟೀನು ಸಾಲುವುದಿಲ್ಲ ಮೇಡಂ, ಏನೂ ಬೆರೆಸದ ಮೊದಲ ಸಾಲು ಬಿಟ್ಟುಬಿಡಲೇ ಎಂದು ಕೇಳಿದಳು. ನಾನು ಅವಳ ಪಕ್ಕ ಸ್ಟೂಲೆಳೆದುಕೊಂಡು ಕೂತೆ.

"ಬಿಡ್ಬ್ಯಾಡ, ಅದೊಂದು ಸುಮ್ನಿರ್ಲವ್ವ," ಎಂದೆ.